ಕಡಲಿಗೂ ಎಕರೆ ಲೆಕ್ಕ: ಬೋಟಿನಲ್ಲಿ ಕೊಂಡೊಯ್ಯುವ ಬಲೆ, ಬಾಟಲಿ, ಬೊಗಸೆ

ಮಂಡ್ಯದ ಪೇಟೆಬೀದಿಯ ಹಿಂದಿನ ಓಣಿಯೊಂದರಲ್ಲಿ ಹಿರಿಯ ದರ್ಜಿಯೊಬ್ಬರಿದ್ದಾರೆ. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಬಲೆ ಹರಿದಾಗ ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವರ ಅಂಗಡಿಗೆ ಹೋದೆ. ಬಲೆಯೆಂದರೆ ದಾರಕ್ಕೆ ಗಂಟು ಹಾಕಿ ಹೆಣೆದದ್ದಲ್ಲ. ಬಿಳಿ ನೈಲಾನ್ ಬಟ್ಟೆಯ ಉದ್ದನೆಯ ಚೀಲ. ಬಾಯಿ ಅಗಲ, ಬರಬರುತ್ತಾ ಕಿರಿದು, ತುದಿಯಲ್ಲೊಂದು ಪುಟ್ಟ ಡಬ್ಬಿ. ಅವರು ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ಹೆಬ್ಬೆರಳಿನಿಂದ ಉಜ್ಜಿದರು. "ಮೇಷ್ಟ್ರೇ, ಇದು ಹಿಟ್ಟಿನ ಜರಡಿಯ ಬಟ್ಟೆಯಲ್ಲವೇ?" ಎಂದರು. ಆಮೇಲೆ ಯಂತ್ರದ ಸೂಜಿಯನ್ನು ಅದರ ಪಕ್ಕದಲ್ಲಿಟ್ಟು ಕಣ್ಣು ಕಿರಿದು ಮಾಡಿ, "ಇದನ್ನು ಹೊಲಿದರೆ ಹೊಲಿಗೆಯೇ ತೂತಾಗುತ್ತದೆ" ಎಂದರು.

ಎರಡೂ ಮಾತು ನಿಜ. ಕಡಲಿನ ಕಿರುಜೀವಿಗಳನ್ನು ಹಿಡಿಯುವ ಇಂಥ ಬಲೆಗಳಿಗೆ ಬಹುಕಾಲ ಬಳಸುತ್ತಿದ್ದದ್ದು ಯೂರೋಪಿನ ಗಿರಣಿಗಳಲ್ಲಿ ಹಿಟ್ಟನ್ನು ಜರಡಿ ಹಿಡಿಯಲೆಂದೇ ನೇಯುತ್ತಿದ್ದ ರೇಷ್ಮೆ ಬಟ್ಟೆಯನ್ನು. ಎಳೆ ಸರಿಯದಂತೆ, ಕಿಂಡಿಗಳೆಲ್ಲ ಒಂದೇ ಅಳತೆಯಲ್ಲಿ ಉಳಿಯುವಂತೆ ನೇಯ್ದ ಬಟ್ಟೆ ಅದು. ರೇಷ್ಮೆಯೆಂದರೆ ಸೀರೆ ಎಂದೇ ತಿಳಿದ ಮೈಸೂರು ಸೀಮೆಯ ನಮಗೆ, ಅದೇ ನೂಲು ಕಡಲಿನ ಲೆಕ್ಕಕ್ಕೂ ಒದಗಿತ್ತು ಎಂಬುದು ಸಂತೋಷದ ಸುದ್ದಿ. ಈಗ ಆ ಜಾಗಕ್ಕೆ ನೈಲಾನ್ ಬಂದಿದೆ. ನಮ್ಮ ಬಲೆಯ ಕಿಂಡಿ 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗ. ಅವರ ಯಂತ್ರದ ಸೂಜಿಯ ದಪ್ಪ 0.8 ಮಿಲಿಮೀಟರ್, ಕಿಂಡಿಯ ನಾಲ್ಕರಷ್ಟು. ಹೊಲಿದ ಸಾಲಿನುದ್ದಕ್ಕೂ ನಾವು ಹಿಡಿಯಬೇಕಾದ ಜೀವಿಗಳು ಸೋರಿ ಹೋಗುತ್ತವೆ. ಕೊನೆಗೆ ಅವರು ಸೂಜಿಯನ್ನು ಬದಿಗಿಟ್ಟು, ಅದೇ ಬಟ್ಟೆಯ ತುಂಡನ್ನು ಅಂಟು ಹಾಕಿ ತೇಪೆ ಕೂರಿಸಿದರು.

ಪ್ರತಿ ವರ್ಷ ಡಿಸೆಂಬರ್ ಅಥವಾ ಜನವರಿಯಲ್ಲಿ ನಾನು ಪದವಿ ವಿದ್ಯಾರ್ಥಿಗಳನ್ನು ಕರಾವಳಿಗೆ ಕರೆದೊಯ್ಯುತ್ತೇನೆ. ಪಾಂಡವಪುರ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯ ಮಕ್ಕಳು. ಅವರಲ್ಲಿ ಅನೇಕರಿಗೆ ಕನ್ನಂಬಾಡಿ ಕಟ್ಟೆಯ ಹಿನ್ನೀರೇ ಕಣ್ಣಾರೆ ಕಂಡ ಅತಿ ದೊಡ್ಡ ನೀರು. ಕಡಲಿನ ಪಾಠವನ್ನು ನಾನು ಅವರಿಗೆ ಕಬ್ಬಿನ ಗದ್ದೆಯಿಂದ ಶುರು ಮಾಡುತ್ತೇನೆ. ಮಂಡ್ಯದಲ್ಲಿ "ಎಷ್ಟು ಕಬ್ಬು ಬಂತು?" ಎಂದು ಕೇಳಿ ಯಾರೂ ಸುಮ್ಮನಾಗುವುದಿಲ್ಲ. "ಎಕರೆಗೆ ಎಷ್ಟು ಟನ್ ಬಂತು?" ಎನ್ನುತ್ತಾರೆ. ನೂರು ಟನ್ ಎಂದಷ್ಟೇ ಹೇಳಿದರೆ ಹೊಗಳುವಂತೆಯೂ ಇಲ್ಲ, ಮರುಗುವಂತೆಯೂ ಇಲ್ಲ. ಅದು ಎರಡು ಎಕರೆಯದೋ ಐದು ಎಕರೆಯದೋ ತಿಳಿಯಬೇಕು. ಮೀನುಗಾರನಿಗೆ ಬಲೆಯಲ್ಲಿ ಬಂದದ್ದು ಮುಖ್ಯ. ಕಡಲನ್ನು ಅಧ್ಯಯನ ಮಾಡುವವನಿಗೆ ಅದು ಎಷ್ಟು ನೀರಿನಿಂದ ಬಂತು, ಎಷ್ಟು ನೆಲದಿಂದ ಬಂತು ಎಂಬುದೂ ಅಷ್ಟೇ ಮುಖ್ಯ. ಬೋಟಿಗೆ ಏರಿಸುವ ಸಾಧನಗಳ ವಿಚಿತ್ರ ಆಕಾರಗಳಿಗೆಲ್ಲ ಈ ಎಕರೆ ಪ್ರಶ್ನೆಯೇ ಕಾರಣ. ಇದೊಂದು ತಲೆಯಲ್ಲಿದ್ದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಬಲೆಯಿಂದಲೇ ಆರಂಭಿಸೋಣ. ಅಲೆ, ಪ್ರವಾಹ ಕರೆದೊಯ್ದತ್ತ ತೇಲುತ್ತಾ ಹೋಗುವ ಜೀವಿಗಳಿಗೆ ಪ್ಲವಕ ಎಂದು ಹೆಸರು. ಎಲೆಯಂತೆ ಸೂರ್ಯನ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಡಯಾಟಮ್‌ಗಳು ಸಸ್ಯಪ್ಲವಕ. ಅವುಗಳನ್ನು ತಿನ್ನುವ, ಸಿಗಡಿಯ ದೂರದ ನಂಟರಾದ ಪುಟ್ಟ ಕೋಪೆಪಾಡ್‌ಗಳು, ಏಡಿ–ಸಿಗಡಿಗಳ ಮರಿಗಳು, ಮೀನಿನ ಮೊಟ್ಟೆ, ಆಗತಾನೇ ಹೊರಬಂದ ಮೀನಿನ ಮರಿಗಳು ಪ್ರಾಣಿಪ್ಲವಕ. ಬೂತಾಯಿ ಮೀನಿನ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಡಯಾಟಮ್‌ಗಳ ಗಾಜಿನಂಥ ಚಿಪ್ಪುಗಳು ಕಾಣುತ್ತವೆ. ನಮ್ಮ ತಟ್ಟೆಯ ಮೀನಿಗೂ ಈ ಕಣ್ಣಿಗೆ ಕಾಣದ ಬೆಳೆಗೂ ಇರುವ ನಂಟು ಅಷ್ಟು ನೇರ.

ಐರ್ಲೆಂಡಿನಲ್ಲಿ ಸೇನಾ ವೈದ್ಯನಾಗಿದ್ದ ಜಾನ್ ವಾನ್ ಥಾಮ್ಸನ್ 1816ರ ಸುಮಾರಿಗೆ ಇಂಥ ಬಲೆಯನ್ನು ಎಳೆದು, ಬೇರೆಯೇ ಪ್ರಾಣಿಯೆಂದು ಎಲ್ಲರೂ ತಿಳಿದಿದ್ದ ಒಂದು ಮುಳ್ಳುಮುಳ್ಳಿನ ಜೀವಿ ನಿಜವಾಗಿ ಏಡಿಯ ಮರಿ ಎಂದು ಮುಂದೆ ತೋರಿಸಿದ. 1832ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಹಿಂದೆ ಬಾವುಟದ ಬಟ್ಟೆಯಿಂದ ಮಾಡಿದ ನಾಲ್ಕು ಅಡಿ ಆಳದ ಚೀಲವನ್ನು ಕಟ್ಟಿ ಎಳೆದ. ಇಬ್ಬರೂ ಏನು ಸಿಗುತ್ತದೆ ಎಂದು ನೋಡಿದವರು. ಎಷ್ಟರಲ್ಲಿ ಎಷ್ಟು ಎಂದು ಹಟ ಹಿಡಿದು ಕೇಳಿದವನು ಜರ್ಮನಿಯ ಕೀಲ್ ನಗರದ ವಿಕ್ಟರ್ ಹೆನ್ಸನ್. ಅಲೆದಾಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ 1887ರಲ್ಲಿ ಪ್ಲಾಂಕ್ಟನ್ ಎಂಬ ಹೆಸರನ್ನು ಕಟ್ಟಿದವನೂ ಆತನೇ. ಒಂದೊಂದು ಹನಿಯಲ್ಲಿ ಕುಳಿತು ಎಣಿಸುವ ಕೆಲಸ ವ್ಯರ್ಥ ಎಂದು ಅವನನ್ನು ಟೀಕಿಸಿದವರಿದ್ದರು. ಇಂದು ನಾವು ಮಾಡುತ್ತಿರುವುದೆಲ್ಲ ಅವನು ಹಾಕಿಕೊಟ್ಟ ದಾರಿಯಲ್ಲೇ.

ಈಗ ಬಲೆಯ ಆಕಾರ ನೋಡಿ. ಬಾಯಿಗೆ ಲೋಹದ ಬಳೆ, ಅದಕ್ಕೆ ಮೂರು ಹಗ್ಗ, ಮೂರೂ ಸೇರುವ ಕಡೆ ಎಳೆಯುವ ಹಗ್ಗ. ಚೀಲ ಇಷ್ಟುದ್ದ ಏಕೆ ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಅಡುಗೆಮನೆಯಲ್ಲಿ ಉತ್ತರವಿದೆ. ಚಿಕ್ಕ ಸೋಸಣಿಗೆಗೆ ಒಮ್ಮೆಲೇ ಒಂದು ಪಾತ್ರೆ ಚಹಾ ಸುರಿದರೆ ಅದು ಇಳಿಯದೆ ಅಂಚಿನಿಂದ ಉಕ್ಕಿ ಚೆಲ್ಲುತ್ತದೆ. ಬಲೆಯಲ್ಲೂ ಹಾಗೆಯೇ. ಬಾಯಿಗೆ ನುಗ್ಗಿದ ನೀರೆಲ್ಲ ಕಿಂಡಿಗಳಿಂದ ಹೊರಹೋಗಬೇಕಾದರೆ ಕಿಂಡಿಗಳ ಒಟ್ಟು ವಿಸ್ತಾರ ಬಾಯಿಯ ವಿಸ್ತಾರಕ್ಕಿಂತ ಹಲವು ಪಟ್ಟು ಹೆಚ್ಚಿರಬೇಕು. ಇಲ್ಲದಿದ್ದರೆ ಬಾಯಿಯ ಮುಂದೆಯೇ ನೀರು ತಡೆದು ಪಕ್ಕಕ್ಕೆ ಸರಿಯುತ್ತದೆ. ಬಲೆ ಎಳೆದ ಹಾಗೆ ಕಾಣುತ್ತದೆ, ಸೋಸಿದ್ದು ಮಾತ್ರ ಅರ್ಧದಷ್ಟೂ ಇರುವುದಿಲ್ಲ. ಡಯಾಟಮ್‌ಗಳು ವಿಪರೀತ ಬೆಳೆದು ನೀರು ಲೋಳೆಗಟ್ಟಿದ ದಿನಗಳಲ್ಲಿ ಒಳ್ಳೆಯ ಬಲೆಗೂ ಈ ಗತಿ ಬರುತ್ತದೆ.

ಅದನ್ನು ಪತ್ತೆ ಹಚ್ಚುವುದು ಬಾಯಿಯ ನಡುವೆ ಕಟ್ಟಿದ ಒಂದು ಪುಟ್ಟ ಫ್ಲೋಮೀಟರ್. ಮುಷ್ಟಿಯಷ್ಟು ದೊಡ್ಡದು, ಮೂಗಿನಲ್ಲಿ ಫ್ಯಾನಿನಂಥ ರೆಕ್ಕೆ, ಬೆನ್ನಿನ ಮೇಲೆ ಅಂಕಿಗಳು. ನೀರು ಹಾದುಹೋದಂತೆ ರೆಕ್ಕೆ ತಿರುಗುತ್ತದೆ, ಆಟೋ ಮೀಟರಿನಂತೆ ಅಂಕಿ ಏರುತ್ತದೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಬಲೆಯ ಬಾಯಿಯ ಅಡ್ಡಗಲ 50 ಸೆಂಟಿಮೀಟರ್. ಆಗ ಬಾಯಿಯ ವಿಸ್ತಾರ 0.196 ಚದರ ಮೀಟರ್. ರೆಕ್ಕೆ ಒಂದು ಸುತ್ತು ತಿರುಗಿದರೆ ನೀರು 0.3 ಮೀಟರ್ ಸರಿದಿದೆ ಎಂದು ಮೀಟರಿನ ಜೊತೆ ಬಂದ ಕಾಗದ ಹೇಳುತ್ತದೆ. ಬಲೆ ಇಳಿಸುವಾಗ ಅಂಕಿ 41,250 ಇತ್ತು, ಎತ್ತಿದಾಗ 41,850 ಆಗಿದೆ. ಅಂದರೆ 600 ಸುತ್ತು, 180 ಮೀಟರ್ ನೀರು. ಅದನ್ನು 0.196ರಿಂದ ಗುಣಿಸಿದರೆ 35.3 ಘನ ಮೀಟರ್, ಅಂದರೆ ಸುಮಾರು 35 ಸಾವಿರ ಲೀಟರ್. ಬೇಸಿಗೆಯಲ್ಲಿ ಬಡಾವಣೆಗಳಿಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಆರು ಟ್ಯಾಂಕರ್ ನೀರು. ಅಷ್ಟನ್ನು ಈ ಬಟ್ಟೆಯ ಚೀಲ ಮೂರು ನಿಮಿಷದಲ್ಲಿ ಜರಡಿ ಹಿಡಿದಿದೆ. ನಮ್ಮ ಎಕರೆ ಸಿಕ್ಕಿತು.

ಮೂರು ನಿಮಿಷ ಎಂದೆ. ಬೋಟು ಸೆಕೆಂಡಿಗೆ ಒಂದು ಮೀಟರಿನಂತೆ, ನಿಧಾನವಾಗಿ ನಡೆಯುವವನ ವೇಗದಲ್ಲಿ ಹೋಗಬೇಕು. ಬಾಡಿಗೆಗೆ ಹಿಡಿದ ಮೀನುಗಾರಿಕೆ ಬೋಟನ್ನು ನಡೆಸುವ ತಾಂಡೇಲರಿಗೆ ಇದೇ ಕಷ್ಟದ ಕೆಲಸ. ಅಷ್ಟು ನಿಧಾನಕ್ಕೆ ಅವರ ಎಂಜಿನ್ ಒಗ್ಗುವುದಿಲ್ಲ. ಗೇರು ಬಿಟ್ಟು, ಹಾಕಿ, ಬಿಟ್ಟು ಸಾಗಬೇಕು. ಆದರೆ ವೇಗ ಹೆಚ್ಚಿದರೆ ಒತ್ತಡಕ್ಕೆ ಮೆತ್ತನೆಯ ಜೀವಿಗಳು ಕಿಂಡಿಯಿಂದ ಹಿಂಡಿಕೊಂಡು ಹೊರಬೀಳುತ್ತವೆ. ತೀರಾ ಕಡಿಮೆಯಾದರೆ ಚುರುಕಾದ ಮೀನಿನ ಮರಿಗಳು ಬಲೆ ಬರುವುದನ್ನು ಅರಿತು ಪಕ್ಕಕ್ಕೆ ಜಾರುತ್ತವೆ. ಬಾಯಿಯ ಮುಂದಿರುವ ಆ ಮೂರು ಹಗ್ಗಗಳೂ ನೀರನ್ನು ಕಲಕಿ ಅವಕ್ಕೆ ಸುಳಿವು ಕೊಡುತ್ತವೆ. ಅದಕ್ಕೇ ದೊಡ್ಡ ಸಂಶೋಧನಾ ಹಡಗುಗಳಲ್ಲಿ ಎರಡು ಬಲೆಗಳನ್ನು ಅಕ್ಕಪಕ್ಕ ಜೋಡಿಸಿ, ನಡುವಿನ ಕೀಲಿಗೆ ಹಗ್ಗ ಕಟ್ಟಿ, ಎರಡು ಬಾಯಿಗಳ ಮುಂದೆಯೂ ಏನೂ ಅಡ್ಡ ಬಾರದಂತೆ ಮಾಡಿರುತ್ತಾರೆ. ಜೋಡಿ ಡೋಲಿನಂತೆ ಕಾಣುವ ಅದಕ್ಕೆ ಬಾಂಗೋ ಬಲೆ ಎಂದು ಹೆಸರು.

ಬಲೆ ಮೇಲೆ ಬಂದಾಗ ಮಾಡುವ ಒಂದು ಸಣ್ಣ ಕೆಲಸವನ್ನು ನಾನು ಎಲ್ಲಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿ ಕಲಿಸುತ್ತೇನೆ. ಚೀಲದ ಗೋಡೆಗೆ ಅಂಟಿಕೊಂಡ ಜೀವಿಗಳನ್ನು ತುದಿಯ ಡಬ್ಬಿಗೆ ಇಳಿಸಬೇಕು. ಬಕೆಟ್‌ನಲ್ಲಿ ಕಡಲ ನೀರು ಮೊಗೆದು ಚೀಲದ ಹೊರಮೈಗೆ ಎರಚಬೇಕೇ ಹೊರತು ಬಾಯಿಯಿಂದ ಒಳಗೆ ಸುರಿಯಬಾರದು. ಒಳಗೆ ಸುರಿದರೆ ಆ ಬಕೆಟ್ ನೀರಿನಲ್ಲಿದ್ದ ಜೀವಿಗಳೂ ಡಬ್ಬಿಗೆ ಬಿದ್ದು ಲೆಕ್ಕಕ್ಕೆ ಸೇರುತ್ತವೆ. ನಮ್ಮದಲ್ಲದ ಗದ್ದೆಯ ಕಬ್ಬನ್ನು ನಮ್ಮ ಗಾಡಿಗೆ ಹೇರಿದಂತೆ. ಹೊರಗಿನಿಂದ ಎರಚಿದ ನೀರು ಕಿಂಡಿಯಲ್ಲಿ ಸೋಸಿಯೇ ಒಳಹೋಗುತ್ತದೆ. ಕೊನೆಗೆ ಡಬ್ಬಿ ಬಿಚ್ಚಿ ಬಾಟಲಿಗೆ ಸುರಿದರೆ ತೆಳ್ಳನೆಯ ಸಬ್ಬಕ್ಕಿ ಗಂಜಿಯಂತೆ ಕಾಣುತ್ತದೆ. ಬಿಸಿಲಿಗೆ ಎತ್ತಿ ಹಿಡಿದರೆ ಆ ಗಂಜಿಯ ಕಣ ಕಣವೂ ಪುಟಿಯುತ್ತಿರುತ್ತದೆ. ಮಕ್ಕಳು ಮಾತು ನಿಲ್ಲಿಸುವುದು ಆಗಲೇ.

ಆದರೆ ಆ ಬಾಟಲಿ ಕಡಲಲ್ಲ. 200 ಮೈಕ್ರಾನ್ ಕಿಂಡಿಯ ಬಲೆ ಬಹುತೇಕ ಡಯಾಟಮ್‌ಗಳನ್ನು ಬಿಟ್ಟುಬಿಟ್ಟಿದೆ. ಅವು ಬೇಕೆಂದರೆ 20 ಮೈಕ್ರಾನ್ ಬಲೆ ಬೇಕು, ಅದು ಬೇಗ ಕಟ್ಟಿಕೊಳ್ಳುತ್ತದೆ. ರಾಗಿ ಹಿಟ್ಟಿಗೆ ಒಂದು ವಂದರಿ, ರವೆಗೆ ಇನ್ನೊಂದು ಇಟ್ಟುಕೊಳ್ಳುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಯಾವ ವರದಿ ಓದಿದರೂ ಮೊದಲು ಕಿಂಡಿಯ ಅಳತೆ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಅದಿಲ್ಲದ ಸಂಖ್ಯೆಗೆ ಅರ್ಥವಿಲ್ಲ. ಹೊತ್ತನ್ನೂ ಬರೆದಿಡಬೇಕು: ಎಷ್ಟೋ ಪ್ರಾಣಿಪ್ಲವಕಗಳು ಹಗಲಿನಲ್ಲಿ ಆಳಕ್ಕಿಳಿದು ರಾತ್ರಿ ಮೇಲೇರುತ್ತವೆ, ಒಂದೇ ಜಾಗದಲ್ಲಿ ಮಧ್ಯಾಹ್ನ ಎಳೆದ ಬಲೆಯೂ ಮಧ್ಯರಾತ್ರಿ ಎಳೆದ ಬಲೆಯೂ ಬೇರೆ ಬೇರೆ ಕಥೆ ಹೇಳುತ್ತವೆ.

ಕರಾವಳಿಗೆ ಹೊರಡುವ ಮೊದಲು ಊರ ಕೆರೆಯಲ್ಲಿ ತೆಪ್ಪದ ಮೇಲೆ ಒಂದು ದಿನ ಅಭ್ಯಾಸ ಮಾಡಿಸುತ್ತೇನೆ. ಅಲ್ಲಿ ಕಲಿಯಬೇಕಾದದ್ದು ಹಗ್ಗದ ಓರೆ. ಹಗ್ಗ 40 ಮೀಟರ್ ಬಿಟ್ಟಿದ್ದೇವೆ ಎಂದರೆ ಬಲೆ 40 ಮೀಟರ್ ಆಳದಲ್ಲಿದೆ ಎಂದಲ್ಲ. ಎಳೆತಕ್ಕೆ ಹಗ್ಗ ಓರೆಯಾಗಿರುತ್ತದೆ. ನೆಟ್ಟಗಿನ ಗೆರೆಯಿಂದ 30 ಡಿಗ್ರಿ ವಾಲಿದ್ದರೆ ಬಲೆ ಸುಮಾರು 35 ಮೀಟರಿನಲ್ಲಿರುತ್ತದೆ, 60 ಡಿಗ್ರಿ ವಾಲಿದ್ದರೆ ಬರೀ 20 ಮೀಟರಿನಲ್ಲಿ. ಕೋನ ಅಳೆಯಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಶಾಲೆಯ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕ, ಅದರ ನಡುವಿಗೆ ಕಟ್ಟಿದ ದಾರ, ದಾರದ ತುದಿಗೆ ಒಂದು ನಟ್ಟು. ಹಗ್ಗಕ್ಕೆ ಅಂಚು ತಾಗಿಸಿ ಹಿಡಿದರೆ ದಾರ ನಿಂತ ಕಡೆ ಓದಿಕೊಳ್ಳಬಹುದು. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಏಕೆ ಕಲಿತೆವೆಂದು ಬೇಸರಿಸಿದ ಹುಡುಗರು ತೆಪ್ಪದ ಮೇಲೆ ಕೊಸೈನ್ ಲೆಕ್ಕ ಹಾಕುವುದನ್ನು ನೋಡುವುದು ನನಗೆ ಬಹಳ ಇಷ್ಟ.

ಜೀವಿಗಳಷ್ಟೇ ಸಾಲದು, ಅವು ಬದುಕಿರುವ ನೀರೂ ಬೇಕು. 20 ಮೀಟರ್ ಆಳದ ನೀರನ್ನೇ ಮೇಲಿನ ನೀರು ಬೆರೆಯದಂತೆ ತರುವುದು ಹೇಗೆ? ಬಾಟಲಿಯನ್ನು ಮುಚ್ಚಿ ಇಳಿಸಿದರೆ ಆಳದ ಒತ್ತಡಕ್ಕೆ ನಲುಗಬಹುದು, ತೆರೆದು ಎತ್ತಿದರೆ ದಾರಿಯುದ್ದಕ್ಕೂ ಬೆರೆಯುತ್ತದೆ. ಧ್ರುವಯಾತ್ರಿಕ ಫ್ರಿಡ್‌ಟ್ಯೋಫ್ ನಾನ್ಸೆನ್ ಆಳದಲ್ಲಿ ತಲೆಕೆಳಗಾಗಿ ಮಗುಚಿ ಮುಚ್ಚಿಕೊಳ್ಳುವ ಲೋಹದ ಬಾಟಲಿಯನ್ನು ಮಾಡಿದ. ಈಗ ಹೆಚ್ಚಾಗಿ ಬಳಸುವುದು 1960ರ ದಶಕದಲ್ಲಿ ಅಮೆರಿಕದ ಶೇಲ್ ನಿಸ್ಕಿನ್ ರೂಪಿಸಿದ ಪ್ಲಾಸ್ಟಿಕ್ ಕೊಳವೆಯನ್ನು. ಎರಡೂ ತುದಿ ತೆರೆದೇ ಇಳಿಯುತ್ತದೆ, ನೀರು ಒಳಗಿಂದ ಹಾದುಹೋಗುತ್ತಿರುತ್ತದೆ, ಒತ್ತಡದ ಸಮಸ್ಯೆಯೇ ಇಲ್ಲ. ಬೇಕಾದ ಆಳ ಬಂದಾಗ ಮೇಲಿನಿಂದ ಹಗ್ಗಕ್ಕೆ ಸಿಕ್ಕಿಸಿದ ಒಂದು ಹಿತ್ತಾಳೆಯ ಗುಂಡನ್ನು ಜಾರಿ ಬಿಡುತ್ತೇವೆ. ಅದು ಸರ್ರನೆ ಇಳಿದು ಕೊಕ್ಕೆಗೆ ಬಡಿಯುತ್ತದೆ, ಒಳಗಿನ ರಬ್ಬರ್ ಎಳೆದುಕೊಂಡು ಎರಡು ಮುಚ್ಚಳಗಳೂ ಮುಚ್ಚಿಕೊಳ್ಳುತ್ತವೆ. ಆ ಗುಂಡಿಗೆ ಮೆಸೆಂಜರ್ ಎಂದೇ ಹೆಸರು. ನಾನು ಓಲೆಕಾರ ಎನ್ನುತ್ತೇನೆ. ಓಲೆ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಎರಡು ಬೆರಳುಗಳಿಂದ ಹಗ್ಗವನ್ನು ಮೆಲ್ಲಗೆ ಹಿಡಿದಿರಬೇಕು. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ಬೆರಳಿಗೆ ಟಕ್ ಎಂದು ಒಂದು ತಟ್ಟು. ಕಾಣದ ಆಳದಲ್ಲಿ ಮುಚ್ಚಳ ಮುಚ್ಚಿದ್ದು ಬೆರಳ ತುದಿಗೆ ಗೊತ್ತಾಗುತ್ತದೆ.

ಮೇಲೆ ಬಂದ ನೀರಿನಲ್ಲಿ ಮೊದಲು ತೆಗೆಯಬೇಕಾದದ್ದು ಆಮ್ಲಜನಕದ ಮಾದರಿ, ತಡವಾದಷ್ಟೂ ಗಾಳಿ ಬೆರೆಯುತ್ತದೆ. ಕೊಳವೆಯ ನಲ್ಲಿಗೆ ರಬ್ಬರ್ ಪೈಪು ಹಾಕಿ, ಅದರ ತುದಿಯನ್ನು ಗಾಜಿನ ಬಾಟಲಿಯ ತಳಕ್ಕೆ ಮುಟ್ಟಿಸಿ, ಗುಳ್ಳೆ ಏಳದಂತೆ ತುಂಬಿ, ಇನ್ನಷ್ಟು ಉಕ್ಕಿ ಹರಿಯಲು ಬಿಡಬೇಕು. ನಂತರ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ, ಅದರ ಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ದ್ರಾವಣ, ಮುಚ್ಚಳ ಹಾಕಿ ಅಲುಗಾಡಿಸುವುದು. ಆಮ್ಲಜನಕವಿದ್ದರೆ ಕಂದುಬಣ್ಣದ ಮೋಡದಂಥದ್ದು ಇಳಿಯುತ್ತದೆ, ಇಲ್ಲದಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕಂಡುಕೊಂಡ ಈ ವಿಧಾನ ಇಂದಿಗೂ ವಿದ್ಯುತ್ ಸಂವೇದಕಗಳನ್ನು ಒರೆಗೆ ಹಚ್ಚುವ ಒರೆಗಲ್ಲು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಮುಂಗಾರಿನಲ್ಲಿ ಆಳದ ತಣ್ಣನೆಯ ನೀರು ಮೇಲೇಳುತ್ತಾ ದಂಡೆಯತ್ತ ಬರುತ್ತದೆ. ಅದು ತರುವ ಪೋಷಕಾಂಶದಿಂದ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಈ ಕರಾವಳಿಯ ತಳದಲ್ಲಿ ಉಸಿರುಗಟ್ಟಿಸುವ ನೀರಿನ ಹಾಸು ಕಾಣಿಸಿಕೊಳ್ಳುತ್ತದೆ. ಮೀನು ಸಮೃದ್ಧಿಯಾಗಿರುವುದಕ್ಕೂ ತಳದ ಮೀನು ಜಾಗ ಖಾಲಿ ಮಾಡುವುದಕ್ಕೂ ಮೂಲ ಒಂದೇ ನೀರು.

ಬೆಳಕಿನ ಅಳತೆಗೆ ಬಳಸುವುದು ಒಂದು ಬಿಳಿ ತಟ್ಟೆ. 1865ರಲ್ಲಿ ಇಟಲಿಯ ಪಾದ್ರಿ ಹಾಗೂ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಪೋಪ್ ಅವರ ಹಡಗಿನಿಂದ ಬಿಳಿ ತಟ್ಟೆಗಳನ್ನು ಇಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದರು. ಬೋಟಿನ ನೆರಳು ಬೀಳುವ ಬದಿಯಲ್ಲಿ ಇಳಿಸಬೇಕು, ಇಲ್ಲದಿದ್ದರೆ ಬಿಸಿಲಿನ ಹೊಳಪು ಕಣ್ಣು ಕೋರೈಸುತ್ತದೆ. ಮಂಡ್ಯದ ಯಾವ ಶಾಲೆಯೂ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿದು ಇದನ್ನು ಕೆರೆಯಲ್ಲಿ ಮಾಡಬಹುದು. ಹಡಗುಗಳಲ್ಲಿ ಇಂದು ಉಪ್ಪು, ಉಷ್ಣತೆ, ಆಳ ಮೂರನ್ನೂ ಕ್ಷಣಕ್ಷಣಕ್ಕೂ ದಾಖಲಿಸುವ ಸಿಟಿಡಿ ಎಂಬ ಯಂತ್ರವಿದೆ. ಉಪ್ಪನ್ನು ಅದು ನೀರಿನ ವಿದ್ಯುತ್ ವಾಹಕತೆಯಿಂದ ಲೆಕ್ಕ ಹಾಕುತ್ತದೆ.

ಇನ್ನು ಕಡಲ ತಳ. ಇಲ್ಲಿ ಮೊದಲು ಬಂದದ್ದು ಡ್ರೆಜ್, ಕಬ್ಬಿಣದ ಚೌಕಟ್ಟಿಗೆ ಬಲೆಯ ಚೀಲ ಕಟ್ಟಿ ನೆಲದ ಮೇಲೆ ಎಳೆಯುವ ಸಾಧನ. ಹೊಲದಲ್ಲಿ ಕುಂಟೆ ಹೊಡೆದ ಹಾಗೆ ಅದು ಮೇಲ್ಪದರವನ್ನು ಕೆರೆದು ಚೀಲಕ್ಕೆ ತುಂಬುತ್ತದೆ. ಹದಿನೆಂಟನೇ ಶತಮಾನದಲ್ಲಿ ಡೆನ್ಮಾರ್ಕಿನ ಓಟೊ ಫ್ರೆಡ್ರಿಕ್ ಮ್ಯುಲರ್ ಇದನ್ನು ಜೀವಿಗಳ ಸಂಗ್ರಹಕ್ಕೆ ಬಳಸಿದ. 1872ರಿಂದ 1876ರ ತನಕ ಜಗತ್ತು ಸುತ್ತಿದ ಚಾಲೆಂಜರ್ ಹಡಗು ಇಂಥವುಗಳಿಂದಲೇ ಸಾವಿರಾರು ಹೊಸ ಜೀವಿಗಳನ್ನು ಬೆಳಕಿಗೆ ತಂದಿತು. ಯಾವ ಯಾವ ಜೀವಿಗಳಿವೆ ಎಂದು ತಿಳಿಯಲು ಡ್ರೆಜ್ ಒಳ್ಳೆಯದು. ಆದರೆ ಅದು ಕೆಲವು ಕಡೆ ಕೆರೆಯುತ್ತದೆ, ಕೆಲವು ಕಡೆ ಹಾರುತ್ತದೆ, ಅರ್ಧ ದಾರಿಯಲ್ಲೇ ತುಂಬಿಕೊಂಡುಬಿಡುತ್ತದೆ. ಎಕರೆ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ.

ಉತ್ತರ ಹುಡುಕಿದವನು ಡೆನ್ಮಾರ್ಕಿನ ಇನ್ನೊಬ್ಬ ವಿಜ್ಞಾನಿ, ಸಿ. ಜಿ. ಯೊಹಾನೆಸ್ ಪೀಟರ್ಸನ್. ತನ್ನ ನಾಡಿನ ಕಡಲಿನಲ್ಲಿ ಮೀನುಗಳಿಗೆ ಎಷ್ಟು ಮೇವಿದೆ ಎಂಬುದು ಅವನ ಪ್ರಶ್ನೆ, ದನಕ್ಕೆ ಹುಲ್ಲು ಎಷ್ಟಿದೆ ಎಂದು ರೈತ ಕೇಳಿದ ಹಾಗೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವನು ನೆಲವನ್ನು ಬೊಗಸೆಯಂತೆ ಕಚ್ಚಿ ಎತ್ತುವ ಗ್ರಾಬ್ ಮಾಡಿದ. ಈಗ ಹೆಚ್ಚು ಬಳಕೆಯಲ್ಲಿರುವುದು ನೆದರ್ಲೆಂಡ್ಸಿನ ಎಂಜಿನಿಯರ್ ಯೋಹಾನ್ ವಾನ್ ವೀನ್ 1933ರಲ್ಲಿ ರೂಪಿಸಿದ್ದು. ಎರಡು ಕಬ್ಬಿಣದ ಬೊಗಸೆಗಳು, ಅವಕ್ಕೆ ಕತ್ತರಿಯ ಹಿಡಿಯಂತೆ ಉದ್ದನೆಯ ಎರಡು ತೋಳು. ತೆರೆದ ಬೊಗಸೆಗಳನ್ನು ಒಂದು ಕೊಕ್ಕೆ ಹಿಡಿದಿಟ್ಟಿರುತ್ತದೆ. ನೆಲ ಮುಟ್ಟಿದಾಗ ಹಗ್ಗ ಸಡಿಲವಾಗಿ ಕೊಕ್ಕೆ ಕಳಚುತ್ತದೆ. ಮೇಲಕ್ಕೆ ಎಳೆದಾಗ ಉದ್ದನೆಯ ತೋಳುಗಳ ಬಲದಿಂದ ಬೊಗಸೆಗಳು ಕೆಸರನ್ನು ಕಚ್ಚಿ ಮುಚ್ಚಿಕೊಳ್ಳುತ್ತವೆ. ಸಾಮಾನ್ಯ ಅಳತೆಯ ಗ್ರಾಬ್ ಒಮ್ಮೆಗೆ 0.1 ಚದರ ಮೀಟರ್ ನೆಲವನ್ನು ಕಚ್ಚುತ್ತದೆ, ಅಂದರೆ ಪಕ್ಕಕ್ಕೆ ಸುಮಾರು ಒಂದಡಿ ಚೌಕ. ಸಿಕ್ಕ ಹುಳುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ.

ಗ್ರಾಬ್‌ನಲ್ಲಿ ಮೋಸ ಹೋಗುವ ಜಾಗಗಳು ಹಲವು. ರಭಸವಾಗಿ ಇಳಿಸಿದರೆ ಅದರ ಮುಂದೆ ತಳ್ಳಿಕೊಂಡು ಬರುವ ನೀರು ಕೆಸರಿನ ಮೇಲಿನ ತೆಳು ಪದರವನ್ನು ಹಾರಿಸಿಬಿಡುತ್ತದೆ. ಜೀವಿಗಳು ತುಂಬಿರುವುದೇ ಆ ಪದರದಲ್ಲಿ. ಕೊನೆಯ ಕೆಲವು ಮೀಟರನ್ನು ತೊಟ್ಟಿಲು ಇಳಿಸಿದಷ್ಟು ಮೆಲ್ಲಗೆ ಇಳಿಸಬೇಕು. ಗಟ್ಟಿ ಮರಳಿನಲ್ಲಿ ಅದು ಆಳಕ್ಕೆ ಕಚ್ಚುವುದಿಲ್ಲ. ಬೊಗಸೆಗಳ ನಡುವೆ ಒಂದು ಚಿಪ್ಪು ಸಿಕ್ಕಿಕೊಂಡರೆ ಮೇಲೆ ಬರುವಷ್ಟರಲ್ಲಿ ಅರ್ಧ ಕೆಸರು ಸೋರಿರುತ್ತದೆ. ಅಂಥದ್ದನ್ನು ಎಸೆದು ಮತ್ತೆ ಇಳಿಸಬೇಕು. ಕೈ ಸೋತಿದೆ, ಮಕ್ಕಳಿಗೆ ತಲೆ ಸುತ್ತುತ್ತಿದೆ, ಆದರೂ ಇಳಿಸಬೇಕು. ಒಂದೇ ಜಾಗದಲ್ಲಿ ಕನಿಷ್ಠ ಮೂರು ಬಾರಿ ಕಚ್ಚಿಸುತ್ತೇವೆ, ಏಕೆಂದರೆ ಹುಳುಗಳು ನೆಲದಲ್ಲಿ ಸಮನಾಗಿ ಹರಡಿರುವುದಿಲ್ಲ.

ಬಂದ ಕೆಸರನ್ನು ಬೋಟಿನಲ್ಲೇ ಅರ್ಧ ಮಿಲಿಮೀಟರ್ ಕಿಂಡಿಯ ಜರಡಿಯಲ್ಲಿ ತೊಳೆಯುತ್ತೇವೆ. ನೀರನ್ನು ಜೋರಾಗಿ ಬಿಟ್ಟರೆ ಹುಳುಗಳು ತುಂಡಾಗುತ್ತವೆ. ಜರಡಿಯನ್ನೇ ನೀರಿನಲ್ಲಿ ಅದ್ದಿ ಅಕ್ಕಿ ಗಾಲಿಸುವಂತೆ ತಿರುಗಿಸಬೇಕು. ಹೆಣ್ಣುಮಕ್ಕಳಿಗೆ ಈ ಕೈಚಳಕ ಬೇಗ ಬರುತ್ತದೆ, ಹುಡುಗರೂ ಎರಡನೇ ದಿನಕ್ಕೆ ಕಲಿಯುತ್ತಾರೆ. ಕೆಸರು ಇಳಿದ ಮೇಲೆ ಜರಡಿಯಲ್ಲಿ ಉಳಿಯುವುದು ಕಾಲುಗಳ ಸಾಲಿನ ಪಾಲಿಕೀಟ್ ಹುಳುಗಳು, ಉಗುರಿನಷ್ಟು ಮರುವಾಯಿ ಎಂಬ ಕಪ್ಪೆಚಿಪ್ಪಿನ ಮರಿಗಳು, ಪುಟ್ಟ ಸಿಗಡಿಯಂಥ ಬೆನ್ನು ಬಾಗಿದ ಆಂಫಿಪಾಡ್‌ಗಳು. ಬೂದುಬಣ್ಣದ ಕೆಸರಿನೊಳಗೆ ಇಷ್ಟು ಬಣ್ಣವಿತ್ತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ದೊಡ್ಡ ಮೀನುಗಳಿಗೆ ಟ್ರಾಲ್ ಬಲೆಯಿದೆ. ಬಾಯಿ ಅಗಲವಾಗಿ ತೆರೆದಿರಲು ಎರಡು ಬದಿಗೆ ಹಲಗೆಗಳು, ಬಾಯಿಯ ಅಗಲವನ್ನು ಎಳೆದ ದೂರದಿಂದ ಗುಣಿಸಿದರೆ ಗುಡಿಸಿದ ನೆಲದ ಲೆಕ್ಕ. ಬಲೆಯೇ ಬೇಡವೆಂದರೆ ಶಬ್ದವಿದೆ. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಬೋಟಿನ ಯಂತ್ರ ಕೆಳಕ್ಕೆ ಕಳಿಸಿದ ಶಬ್ದ 30 ಮೀಟರ್ ಆಳದ ತಳಕ್ಕೆ ಬಡಿದು ಮರಳಲು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಸಾಕು. ನಡುವೆ ಮೀನಿನ ಹಿಂಡಿದ್ದರೆ ಅವುಗಳ ಹೊಟ್ಟೆಯೊಳಗಿನ ಗಾಳಿಚೀಲ ಶಬ್ದವನ್ನು ಮೊದಲೇ ಹಿಂತಿರುಗಿಸುತ್ತದೆ. ತಾಂಡೇಲರ ಕೋಣೆಯ ಪುಟ್ಟ ಪರದೆಯಲ್ಲಿ ಮೂಡುವ ಬಣ್ಣದ ಮಚ್ಚೆಗಳು ಇವೇ. ಯಾವ ಜಾತಿಯ ಮೀನು ಎಂದು ಯಂತ್ರ ಹೇಳುವುದಿಲ್ಲ, ನುರಿತ ತಾಂಡೇಲರು ಬಹಳ ಸಲ ಹೇಳುತ್ತಾರೆ. ಇವರ ಜೊತೆ ಕುಳಿತು ಕಲಿಯದ ಜೀವಶಾಸ್ತ್ರಜ್ಞ ಅರ್ಧ ಪಾಠ ಕಳೆದುಕೊಂಡ ಎಂದೇ ನನ್ನ ನಂಬಿಕೆ.

ಹಿಡಿದದ್ದನ್ನೆಲ್ಲ ತರುವಂತಿಲ್ಲ. ಕಡಲಕುದುರೆ, ಹವಳ ಮೊದಲಾದವು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಬಲೆಯಲ್ಲಿ ಬಂದರೆ ಚಿತ್ರ ತೆಗೆದು, ಅಳತೆ ಬರೆದು, ಜೀವಂತವಾಗಿ ಬಿಡಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಾಡಿಗೆ ಬೋಟುಗಳೂ ಕಡಲಿಗಿಳಿಯುವುದಿಲ್ಲ. ಮೀನುಗಳು ಮರಿ ಮಾಡುವ ಹೊತ್ತಿನಲ್ಲಿ ಅದು ಸರಿಯಾದ ಕ್ರಮವೇ. ಆದರೆ ಕಡಲು ಅತಿ ಹೆಚ್ಚು ಬದಲಾಗುವ ತಿಂಗಳುಗಳೇ ನಮ್ಮಂಥ ಕಾಲೇಜುಗಳ ದಾಖಲೆಯಲ್ಲಿ ಖಾಲಿ ಹಾಳೆಗಳಾಗಿ ಉಳಿಯುತ್ತವೆ ಎಂಬ ಕೊರಗು ನನಗಿದೆ.

ಉಳಿದದ್ದು ಕಾಪಿಡುವ ಕೆಲಸ. ಎಣಿಸುವ ಮಾದರಿಗೆ ಬಾಟಲಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಫಾರ್ಮಲಿನ್. ಅದರ ಹುಳಿ ಚಿಪ್ಪುಗಳನ್ನು ಕರಗಿಸದಂತೆ ಸ್ವಲ್ಪ ಬೋರಾಕ್ಸ್. ಡಿಎನ್‌ಎ ಪರೀಕ್ಷೆಗೆ ಫಾರ್ಮಲಿನ್ ಆಗದು, ಎಥನಾಲ್ ಬೇಕು. ಸಸ್ಯಪ್ಲವಕಕ್ಕೆ ಅಯೊಡಿನ್ ದ್ರಾವಣ. ಮತ್ತು ಚೀಟಿ. ಕೆಲವು ವರ್ಷಗಳ ಹಿಂದೆ ಹೊರಗೆ ಅಂಟಿಸಿದ ಚೀಟಿಗಳ ಮೇಲೆ ಪೆನ್ನಿನಿಂದ ಬರೆಯಲು ನಾನೇ ಬಿಟ್ಟಿದ್ದೆ. ಮಡಿಕೇರಿ ಘಾಟಿಯ ತಿರುವುಗಳಲ್ಲಿ ಒಂದು ಬಾಟಲಿಯ ಮುಚ್ಚಳ ಸಡಿಲವಾಗಿ ಪೆಟ್ಟಿಗೆಯೆಲ್ಲ ನೆನೆಯಿತು. ಮಂಡ್ಯಕ್ಕೆ ಬಂದು ತೆರೆದಾಗ ಹದಿನಾಲ್ಕು ಬಾಟಲಿಗಳ ಮೇಲೆ ನೀಲಿ ಕಲೆ ಮಾತ್ರ ಇತ್ತು. ಒಳಗಿನ ಜೀವಿಗಳು ಚೆನ್ನಾಗಿಯೇ ಇದ್ದವು. ಯಾವುದು ಯಾವ ಜಾಗದ್ದು, ಎಷ್ಟು ನೀರಿನದು ಎಂದು ಹೇಳಲು ದಾರಿ ಇರಲಿಲ್ಲ. ಮೂರು ದಿನ ಕಡಲಿನಲ್ಲಿ ಬಳಲಿದ ಮಕ್ಕಳ ಮುಖ ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ದಪ್ಪ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದು ಚೀಟಿಯನ್ನು ಬಾಟಲಿಯ ಒಳಗೇ ಹಾಕುತ್ತೇವೆ. ಸೀಸದ ಬರಹ ಫಾರ್ಮಲಿನ್‌ನಲ್ಲೂ ಅಳಿಯುವುದಿಲ್ಲ. ದಿನ, ಹೊತ್ತು, ಜಾಗದ ಅಕ್ಷಾಂಶ ರೇಖಾಂಶ, ಆಳ, ಹಗ್ಗದ ಕೋನ, ಕಿಂಡಿಯ ಅಳತೆ, ಮೀಟರಿನ ಎರಡು ಅಂಕಿ.

ಮಂಡ್ಯದ ಪ್ರಯೋಗಾಲಯದಲ್ಲಿ ಎಣಿಕೆ ನಡೆಯುತ್ತದೆ. ಮಾದರಿಯನ್ನು 200 ಮಿಲಿಲೀಟರಿಗೆ ತಂದು, ಮೆಲ್ಲಗೆ ಕಲಕಿ, ಒಂದು ಮಿಲಿಲೀಟರನ್ನು ಎಣಿಕೆಯ ಗಾಜಿಗೆ ಬಿಡುತ್ತೇವೆ. ಐದು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲ, ಒಂದು ಮಿಲಿಮೀಟರ್ ಆಳದ ತೊಟ್ಟಿ, ತಳದಲ್ಲಿ ಸಾವಿರ ಚೌಕಗಳು. ಮೊದಲೇ ಹೇಳಿದ ಉದಾಹರಣೆಯನ್ನೇ ಮುಂದುವರಿಸಿದರೆ, ಮೂರು ಬಾರಿ ಎಣಿಸಿದಾಗ ಕೋಪೆಪಾಡ್‌ಗಳು 49, 57, 53, ಸರಾಸರಿ 53. ಇನ್ನೂರರಿಂದ ಗುಣಿಸಿದರೆ ಇಡೀ ಬಾಟಲಿಯಲ್ಲಿ 10,600. ಅದನ್ನು 35.3ರಿಂದ ಭಾಗಿಸಿದರೆ ಘನ ಮೀಟರಿಗೆ 300.

ಉತ್ತರ ಬಂದ ಕೂಡಲೇ ಯಾರಾದರೂ, "ಹೋದ ವರ್ಷ ಎಷ್ಟಿತ್ತು ಸರ್?" ಎಂದು ಕೇಳುತ್ತಾರೆ. ಕಬ್ಬಿನ ಮನೆಯ ಮಕ್ಕಳು, ಈ ಪ್ರಶ್ನೆಯನ್ನು ಅವರಿಗೆ ಕಲಿಸಬೇಕಾಗಿಲ್ಲ. ಬೀರುವಿನಿಂದ ಹಳೆಯ ರಿಜಿಸ್ಟರ್ ತೆಗೆದು ಅದೇ ಜಾಗದ, ಅದೇ ಹೊತ್ತಿನ ಪುಟವನ್ನು ಹುಡುಕುತ್ತೇವೆ. ಈ ವರ್ಷದ ಪುಟದಲ್ಲಿ ಬಲೆಯ ವಿವರದ ಎದುರು ಹೊಸದಾಗಿ ಒಂದು ಸಾಲು ಸೇರಿದೆ: ಕಿಂಡಿ 200 ಮೈಕ್ರಾನ್, ತೇಪೆ ಒಂದು, ಅಂಟಿನಿಂದ ಹಾಕಿದ್ದು, ಹೊಲಿಗೆ ಇಲ್ಲ.